ಅಪ್‌ಗ್ರೇಡ್ ಮಾಡಲೋ, ಫಾರ್ಮ್ಯಾಟ್ ಹೊಡೆಸಲೋ?

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಬಿಲ್ ಬುಕ್ ಮಾಡಿಕೊಡುತ್ತೇವೆ. 2019ರಲ್ಲಿ ಕೊಂಡ ಬ್ರ್ಯಾಂಡೆಡ್ ಡೆಸ್ಕ್‌ಟಾಪ್. ಇಂಟೆಲ್ ಐ5 8ನೇ ಜನರೇಷನ್, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. 2021ರಲ್ಲಿ ಒಮ್ಮೆ ಫಾರ್ಮ್ಯಾಟ್ ಮಾಡಿಸಿದ್ದೆ. ಈಗ ಆನ್ ಮಾಡಿದರೆ ಕೆಲಸಕ್ಕೆ ಬರಲು ಐದಾರು ನಿಮಿಷ ಬೇಕು. ಪುಟ ಕಟ್ಟಲು ಪೇಜ್‌ಮೇಕರ್, ಚಿತ್ರಕ್ಕೆ ಕೋರೆಲ್‌ಡ್ರಾ, ಕನ್ನಡ ಟೈಪಿಂಗಿಗೆ ನುಡಿ, ಮೂರೂ ದಿನಾ ಬೇಕು. ಪೇಜ್‌ಮೇಕರ್ ಸಿಡಿ ಎಲ್ಲಿ ಹೋಯಿತೋ ಗೊತ್ತಿಲ್ಲ. ವಿಂಡೋಸ್ 11ಕ್ಕೆ ಹೋಗಲೇಬೇಕು ಅನ್ನುತ್ತಿದ್ದಾರೆ. ಮಗ ಅಪ್‌ಗ್ರೇಡ್ ಸಾಕು ಅಂತಾನೆ. ಅಂಗಡಿ ಹುಡುಗ ಪೂರ್ತಿ ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿದರೇನೇ ಫಾಸ್ಟ್ ಆಗೋದು ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಮಗನ ಮಾತು ಕೇಳಿ. ಆದರೆ ಅದಕ್ಕೂ ಮುಂಚೆ ಒಂದು ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಜಾಗಕ್ಕೆ ಹಾಕುವ, ಒಳಗೆ ಏನೂ ತಿರುಗದ ವೇಗದ ಡಿಸ್ಕ್ ತಂದುಕೊಳ್ಳಿ. ಅಂಗಡಿ ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ನಿಮ್ಮ ಕಂಪ್ಯೂಟರಿಗೆ ಬಂದಿರುವ ಕಾಯಿಲೆಗೆ ಅದು ಮದ್ದಲ್ಲ, ಅಷ್ಟೆ.

ಆ ಕಾಯಿಲೆಯನ್ನು ನೀವೇ ಕಣ್ಣಾರೆ ನೋಡಬಹುದು. ನಾಳೆ ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದು ತೆರೆಯೋದಕ್ಕೂ ಸ್ವಲ್ಪ ಹೊತ್ತು ಹಿಡಿಯಬಹುದು, ಕಾಯಿರಿ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನುವ ಕಡೆ ಹೋದರೆ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಸಾಲಾಗಿ ಕಾಣುತ್ತವೆ. ನನ್ನ ಅಂದಾಜು ತಪ್ಪದಿದ್ದರೆ ಡಿಸ್ಕ್ ಶೇಕಡಾ 100ಕ್ಕೆ ಹೋಗಿ ಅಂಟಿಕೊಂಡಿರುತ್ತದೆ, ಸಿಪಿಯು ಮಾತ್ರ ಹತ್ತು ಹದಿನೈದರಲ್ಲಿ ಆರಾಮಾಗಿ ಇರುತ್ತದೆ. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಸೌಟು ಹಿಡಿದು ನಿಂತಿದ್ದಾರೆ, ಉಗ್ರಾಣದಿಂದ ಸಾಮಾನೇ ಬರುತ್ತಿಲ್ಲ. ಅಂಥ ಕಥೆ ಇದು.

ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗುತ್ತಿರುತ್ತದೆ, ಅದರ ಮೇಲೆ ಒಂದು ಮುಳ್ಳು ಅತ್ತಿತ್ತ ಓಡಾಡಿ ಓದಬೇಕು. ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಸಣ್ಣ ಫೈಲುಗಳನ್ನು ಓದುವಾಗ ಸೆಕೆಂಡಿಗೆ ಸುಮಾರು ನೂರು ಸಲ ಓದಿದರೆ ಹೆಚ್ಚು. ಸಾಧಾರಣ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ವಿಂಡೋಸ್ ಶುರುವಾಗುವಾಗ ಓದುವುದೆಲ್ಲ ಇಂಥ ಸಾವಿರಾರು ಸಣ್ಣ ಫೈಲುಗಳನ್ನೇ. ಫಾರ್ಮ್ಯಾಟ್ ಆದ ಮೇಲೆ ಕೆಲವು ವಾರ ಚುರುಕಾಗಿ ಓಡುವುದು ನಿಜ, ಯಾಕೆಂದರೆ ಆಗ ಓದಲಿಕ್ಕೆ ಅಲ್ಲಿ ಜಾಸ್ತಿ ಏನೂ ಇರುವುದಿಲ್ಲ. ಆಮೇಲೆ ಅಪ್‌ಡೇಟ್, ಆಂಟಿವೈರಸ್, ಪ್ರಿಂಟರಿನ ತಂತ್ರಾಂಶ ಎಲ್ಲ ಒಂದೊಂದಾಗಿ ಬಂದು ಕೂರುತ್ತವೆ. ಮತ್ತೆ ಅದೇ ಹಾಡು. 2021ರಲ್ಲಿ ನೀವೇ ನೋಡಿದ್ದೀರಿ, ಅಲ್ವಾ?

ಇನ್ನು ಅಪ್‌ಗ್ರೇಡ್ ಅಂದರೆ ಹಳೇ ಕೊಳಕಿನ ಮೇಲೆ ಹೊಸ ಬಣ್ಣ ಬಳಿಯೋದು ಅನ್ನುವ ನಂಬಿಕೆ. ಇದು ವಿಂಡೋಸ್ 98, ಎಕ್ಸ್‌ಪಿ ಕಾಲದ್ದು. ಆಗ ಅದು ನಿಜವೂ ಆಗಿತ್ತು. ಹಳೆಯ ಫೈಲುಗಳ ಮೇಲೆಯೇ ಹೊಸವನ್ನು ಹೇರುತ್ತಿದ್ದರು, ಅರ್ಧ ಹಳೆಯದು ಅರ್ಧ ಹೊಸದು ಸೇರಿ ಏನೇನೋ ಆಗುತ್ತಿತ್ತು. ಆಗ ಕೆಲಸ ಕಲಿತವರು ಈಗಿನ ಹುಡುಗರಿಗೆ ಹೇಳಿಕೊಟ್ಟರು, ಈಗಿನವರು ನಿಮಗೆ ಹೇಳುತ್ತಿದ್ದಾರೆ. 2007ರಲ್ಲಿ ವಿಸ್ಟಾ ಬಂದಾಗಲೇ ಈ ರೀತಿ ಬದಲಾಯಿತು. ಈಗ ಅಪ್‌ಗ್ರೇಡ್ ಮಾಡಿದರೆ ಸೆಟಪ್ ನಿಮ್ಮ ಹಳೆಯ ವಿಂಡೋಸನ್ನು ಹಾಗೇ ಎತ್ತಿ ವಿಂಡೋಸ್ ಡಾಟ್ ಓಲ್ಡ್ ಅನ್ನುವ ಫೋಲ್ಡರಿಗೆ ಸರಿಸುತ್ತದೆ. ಅದರ ಜಾಗದಲ್ಲಿ ಪೂರ್ತಿ ಹೊಸ ವಿಂಡೋಸನ್ನು ಇಳಿಸುತ್ತದೆ. ಆಮೇಲೆ ನಿಮ್ಮ ಪ್ರೋಗ್ರಾಮ್, ಫೈಲು, ಸೆಟ್ಟಿಂಗ್, ಡ್ರೈವರ್‌ಗಳನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸುತ್ತದೆ. ಅಪ್‌ಗ್ರೇಡ್ ನಡೆಯುವಾಗ ಎರಡು ಮೂರು ಸಲ ರೀಸ್ಟಾರ್ಟ್ ಆಗುವುದು ಈ ಸಾಗಾಟಕ್ಕೇ.

ಅಂದರೆ ಎರಡು ದಾರಿಯಲ್ಲೂ ವಿಂಡೋಸ್ ಹೊಸದೇ. ಸಾಮಾನು ಹಳೆಯದು ಬರುತ್ತದೋ ಇಲ್ಲವೋ ಅನ್ನುವುದಷ್ಟೇ ವ್ಯತ್ಯಾಸ. ಅಪ್‌ಗ್ರೇಡಿನಲ್ಲಿ ಬೇಡದ್ದೂ ಬರುತ್ತದೆ. ಮೂರು ವರ್ಷದ ಹಿಂದೆ ಬಿಸಾಕಿದ ಪ್ರಿಂಟರಿನ ಡ್ರೈವರ್, ಆನ್ ಆದ ಕೂಡಲೇ ಎದ್ದು ಕೂರುವ ನಾಲ್ಕಾರು ಪ್ರೋಗ್ರಾಮ್ ಎಲ್ಲವೂ. ಅವನ್ನು ಅಪ್‌ಗ್ರೇಡಿಗೆ ಮುಂಚೆ ನೀವೇ ತೆಗೆದು ಹಾಕಬಹುದು, ಒಂದು ಮಧ್ಯಾಹ್ನದ ಕೆಲಸ. ಫಾರ್ಮ್ಯಾಟಿನಲ್ಲಿ ಬೇಕಾದ್ದೂ ಹೋಗುತ್ತದೆ. ಅದನ್ನು ವಾಪಸ್ ತರುವ ಕೆಲಸ ಎಷ್ಟು ದಿನದ್ದು ಅಂತ ಮೊದಲೇ ಹೇಳಲಾಗದು. ಕೆಲವೊಮ್ಮೆ ತರಲಿಕ್ಕೇ ಆಗದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಪೇಜ್‌ಮೇಕರ್ ಸಿಡಿಯ ಮೇಲೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಾದ ಮೇಲೆ ಹೊಸ ದೊಡ್ಡ ಆವೃತ್ತಿ ಬರಲೇ ಇಲ್ಲ. ಕನ್ನಡ ಪ್ರೆಸ್‌ಗಳು ಇನ್ನೂ ಅದನ್ನೇ ನಂಬಿಕೊಂಡಿವೆ ಅನ್ನುವುದು ಬೇರೆ ಮಾತು. ಈಗ ಓಡುತ್ತಿರುವ ಪೇಜ್‌ಮೇಕರ್ ಒಮ್ಮೆ ಅಳಿಸಿ ಹೋದರೆ ಅಂಗಡಿ ಹುಡುಗ ಎಲ್ಲಿಂದಲೋ ಒಂದು ಕ್ರ್ಯಾಕ್ ಮಾಡಿದ ಕಳ್ಳ ಪ್ರತಿ ತಂದು ಹಾಕುತ್ತಾನೆ, ಅದರ ಜೊತೆ ಇನ್ನೇನು ಬರುತ್ತದೋ ದೇವರೇ ಬಲ್ಲ. ನಿಮ್ಮ ಮಟ್ಟಿಗೆ ಅಪ್‌ಗ್ರೇಡೇ ಸರಿ ಅನ್ನಲಿಕ್ಕೆ ಇದೊಂದೇ ಕಾರಣ ಸಾಕು.

ನಾನೂ ಒಂದು ಕಾಲದಲ್ಲಿ ಫಾರ್ಮ್ಯಾಟ್ ಪಕ್ಷದವನೇ. ನಮ್ಮ ಚಿಕ್ಕಪ್ಪನ ಅಂಗಡಿಯ ಕಂಪ್ಯೂಟರ್ ನಿಧಾನವಾಯಿತು ಅಂತ ಒಂದು ಭಾನುವಾರ ಕೂತೆ. ಡೆಸ್ಕ್‌ಟಾಪ್ ಕಾಪಿ ಮಾಡಿದೆ, ಡಾಕ್ಯುಮೆಂಟ್ಸ್ ಕಾಪಿ ಮಾಡಿದೆ, ಫೋಟೋ ಕಾಪಿ ಮಾಡಿದೆ. ಎಲ್ಲ ಬಂತಾ ಚಿಕ್ಕಪ್ಪ ಅಂದೆ. ಬಂತು ಕಣೋ ಅಂದರು. ಸಂಜೆ ಹೊತ್ತಿಗೆ ಹೊಸ ವಿಂಡೋಸ್ ಪಳಪಳ ಹೊಳೆಯುತ್ತಿತ್ತು. ಸೋಮವಾರ ಬೆಳಗ್ಗೆ ಫೋನ್. ಲೆಕ್ಕದ ತಂತ್ರಾಂಶ ಹಾಕಿದರೆ ಕಂಪನಿ ಹೆಸರೇ ಕಾಣುತ್ತಿಲ್ಲ ಅಂತ. ಅದರ ಡೇಟಾ ಡಾಕ್ಯುಮೆಂಟ್ಸ್‌ನಲ್ಲಿ ಇರಲಿಲ್ಲ, ಸಿ ಡ್ರೈವಿನಲ್ಲಿ ನೇರವಾಗಿ ಒಂದು ಫೋಲ್ಡರಿನಲ್ಲಿತ್ತು. ಮೂರು ವರ್ಷದ ಲೆಕ್ಕ. ಚಿಕ್ಕಮ್ಮ ಬಿಲ್ ಕಟ್ಟುಗಳನ್ನು ಅಟ್ಟದಿಂದ ಇಳಿಸಿ ಒಂದು ವರ್ಷದ್ದನ್ನು ಮತ್ತೆ ಹೊಡೆದರು, ಉಳಿದದ್ದು ಹೋಯಿತು. ಚಿಕ್ಕಪ್ಪ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಪ್ರೆಸ್‌ನವರಿಗೆ ಇದೇ ಥರ ಕೈಕೊಡುವುದು ಫಾಂಟ್. ನುಡಿಯ ಹಳೆಯ ಫಾಂಟುಗಳಲ್ಲಿ ಹೊಡೆದ ಪತ್ರಿಕೆಗಳು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಒಂದೇ ಅಕ್ಷರ ಸಂಕೇತ, ಅಲ್ಲ. ಆ ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ "ಶ್ರೀಮತಿ ಮತ್ತು ಶ್ರೀ" ಇದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟ್ ಎಲ್ಲ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಲ್ಲಿ ಇರುತ್ತವೆ, ಅದನ್ನು ಕಾಪಿ ಮಾಡಿಕೊಂಡರೆ ಆಯಿತು ಅಂದುಕೊಂಡಿರುತ್ತೇವೆ. 2018ರ ಕೊನೆಯಿಂದ ಹಾಗಿಲ್ಲ. ಫಾಂಟ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಅಂತ ಒತ್ತಿದರೆ ಅದು ಆ ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನ ಆಳದಲ್ಲಿ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಅಂತ ಇಳಿಯುತ್ತಾ ಹೋದರೆ ಸಿಗುವ ಜಾಗದಲ್ಲಿ ಕೂರುತ್ತದೆ. ಆ ಫೋಲ್ಡರ್ ಸುಮ್ನೆ ಕಣ್ಣಿಗೆ ಬೀಳುವುದಿಲ್ಲ, ಅಡಗಿಸಿಟ್ಟ ಫೈಲುಗಳನ್ನು ತೋರಿಸು ಅಂತ ಹೇಳಬೇಕು. ನೀವು ಅಪ್‌ಗ್ರೇಡೇ ಮಾಡಿದರೂ ಈ ಎರಡೂ ಫೋಲ್ಡರುಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ.

ಫಾಂಟಿನ ಮಾತು ಬಂತು ಅಂತ ಇನ್ನೊಂದು. ಎಕ್ಸ್‌ಪಿ ಕಾಲದಿಂದ ವಿಂಡೋಸ್ ಜೊತೆಗೇ ಬರುತ್ತಿದ್ದ ಕನ್ನಡದ ತುಂಗಾ ಫಾಂಟ್ ವಿಂಡೋಸ್ 10ರಿಂದ ಈಚೆಗೆ ತಾನಾಗಿ ಬರುವುದಿಲ್ಲ. ಹೊಸದಾಗಿ ವಿಂಡೋಸ್ ಹಾಕಿಸಿದವರು ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿಕೊಳ್ಳಬೇಕು. ತುಂಗಾದಲ್ಲಿ ಮಾಡಿದ ಹಳೆಯ ಫೈಲ್ ತೆರೆದಾಗ ಸಾಲುಗಳೆಲ್ಲ ಜರುಗಿ ಹೋಗಿದ್ದರೆ ಗಾಬರಿಯಾಗಬೇಡಿ, ಕಾರಣ ಇದೇ ಇರಬಹುದು.

ಸರಿ, ಈಗ ನಿಮ್ಮ ಕೆಲಸಕ್ಕೆ ಬರೋಣ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿ ಹಾರ್ಡ್ ಡಿಸ್ಕ್ ಆರೋಗ್ಯ ನೋಡಿ. ನೀಲಿ ಬಣ್ಣದಲ್ಲಿ ಗುಡ್ ಅಂತಿದ್ದರೆ ಸಮಾಧಾನ. ಹಳದಿಯಲ್ಲಿ ಕಾಷನ್ ಅಂತಿದ್ದರೆ ಅಪ್‌ಗ್ರೇಡ್, ಫಾರ್ಮ್ಯಾಟ್ ಎಲ್ಲ ಪಕ್ಕಕ್ಕಿಟ್ಟು ಮೊದಲು ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ನಿಧಾನಕ್ಕೆ ಅದೂ ಒಂದು ಕಾರಣ ಆಗಿರುತ್ತದೆ.

ಆಮೇಲೆ 500 ಜಿಬಿ ಆಸುಪಾಸಿನ ಒಂದು ಸಾಟಾ (ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಸಿಕ್ಕಿಸುವ ಬಗೆಯ) ಎಸ್‌ಎಸ್‌ಡಿ ತನ್ನಿ. ಹಳೆಯ ಹಾರ್ಡ್ ಡಿಸ್ಕಿನ ಸಿ ಡ್ರೈವನ್ನು ಮತ್ತು ಅದರ ಜೊತೆ ಇರುವ ಸಣ್ಣ ಸಿಸ್ಟಮ್ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಇಷ್ಟನ್ನು ಮಾತ್ರ ಅದಕ್ಕೆ ಕ್ಲೋನ್ ಮಾಡಿಸಿ. ಕ್ಲೋನ್ ಅಂದರೆ ವಿಂಡೋಸ್, ಪೇಜ್‌ಮೇಕರ್, ಫಾಂಟ್ ಎಲ್ಲ ಇದ್ದದ್ದು ಇದ್ದ ಹಾಗೆ ಎತ್ತಿಡುವುದು. ಹೆಸರಾಂತ ಎಸ್‌ಎಸ್‌ಡಿ ಕಂಪನಿಗಳು ಇದಕ್ಕೆ ಬೇಕಾದ ತಂತ್ರಾಂಶವನ್ನು ತಾವೇ ಕೊಡುತ್ತವೆ. ಸಿ ಡ್ರೈವಿನಲ್ಲಿ ತುಂಬಿರುವುದು ಎಸ್‌ಎಸ್‌ಡಿಯಲ್ಲಿ ಹಿಡಿಸಬೇಕು, ಅಷ್ಟೇ ಷರತ್ತು. ಅದಾದ ಮೇಲೆ ಹಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿ, ಮೇಲೆ ತಾರೀಖು ಬರೆದು ಬೀರುವಿನಲ್ಲಿಡಿ. ಅದಕ್ಕಿಂತ ಒಳ್ಳೆಯ ಬ್ಯಾಕಪ್ ನಿಮಗೆ ಸಿಗದು. ಎಸ್‌ಎಸ್‌ಡಿಯಲ್ಲಿ ಏನೇ ಎಡವಟ್ಟಾದರೂ ಆ ಡಿಸ್ಕ್ ಸಿಕ್ಕಿಸಿದರೆ ಹತ್ತು ನಿಮಿಷದಲ್ಲಿ ಹಳೆಯ ಕಂಪ್ಯೂಟರ್ ವಾಪಸ್. ಡಿ, ಇ ಡ್ರೈವಿನಲ್ಲಿ ದಿನದ ಕೆಲಸದ ಫೈಲುಗಳಿದ್ದರೆ ಅವನ್ನು ಮೊದಲೇ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿಕೊಳ್ಳಿ.

ಹೀಗೆ ಒಂದು ವಾರ ವಿಂಡೋಸ್ 10ರಲ್ಲೇ ಕೆಲಸ ಮಾಡಿ. ಐದಾರು ನಿಮಿಷ ಹಿಡಿಯುತ್ತಿದ್ದದ್ದು ಒಂದು ನಿಮಿಷದೊಳಗೆ ಮುಗಿಯಬೇಕು. ಆಗ ಗೊತ್ತಾಗುತ್ತದೆ, ನಿಮಗೆ ಬೇಕಿದ್ದದ್ದು ಏನು ಅಂತ.

ಇನ್ನು ವಿಂಡೋಸ್ 11. 8ನೇ ಜನರೇಷನ್ ಅಂದರೆ ನೀವು ಹೊಸ್ತಿಲು ದಾಟಿದ್ದೀರಿ, ಇಂಟೆಲ್‌ನಲ್ಲಿ ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ ಬಹುಮಟ್ಟಿಗೆ ಅಲ್ಲಿಂದಲೇ ಶುರು. 4 ಜಿಬಿ ರ್‍ಯಾಮ್ ಸಾಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ, ನಾನು ಹೇಳುವುದಿಲ್ಲ. ನಿಮ್ಮ 8 ಜಿಬಿ ನಡೆಯುತ್ತದೆ. ತೊಂದರೆ ಬರುವುದಾದರೆ ಇನ್ನೊಂದು ಕಡೆಯಿಂದ. ಪಿಸಿ ಹೆಲ್ತ್ ಚೆಕ್ ಅನ್ನುವ ಮೈಕ್ರೋಸಾಫ್ಟಿನ ಪುಟ್ಟ ತಂತ್ರಾಂಶ ಓಡಿಸಿ. ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಭಾಗ) ಇಲ್ಲ ಅಂದರೆ ಹೆದರಬೇಡಿ. ಈ ಕಾಲದ ಇಂಟೆಲ್ ಯಂತ್ರಗಳಲ್ಲಿ ಅದು ಒಳಗೇ ಇರುತ್ತದೆ, ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ಓಡುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಪಿಟಿಟಿ ಅನ್ನುವ ಹೆಸರಲ್ಲಿ ಆಫ್ ಆಗಿ ಕೂತಿರುತ್ತದೆ. ಆನ್ ಮಾಡಿದರೆ ಮುಗಿಯಿತು.

ಸೆಕ್ಯೂರ್ ಬೂಟ್ (ಆನ್ ಆಗುವಾಗ ಕಳ್ಳ ತಂತ್ರಾಂಶ ನುಸುಳದಂತೆ ಕಾಯುವ ವ್ಯವಸ್ಥೆ) ಇಲ್ಲ ಅಂದರೆ ಮಾತ್ರ ಸ್ವಲ್ಪ ಕೆಲಸವಿದೆ. ಸ್ಟಾರ್ಟ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ಅಂತ ಹುಡುಕಿ ತೆರೆಯಿರಿ. ಬಯಾಸ್ ಮೋಡ್ ಎದುರಿಗೆ ಯುಇಎಫ್‌ಐ (ಬಯಾಸಿನ ಹೊಸ ಪದ್ಧತಿ) ಅಂತಿರಬೇಕು. ಲೆಗಸಿ ಅಂತಿದ್ದರೆ 2021ರಲ್ಲಿ ಫಾರ್ಮ್ಯಾಟ್ ಮಾಡಿದವರು ಹಳೇ ಪದ್ಧತಿಯಲ್ಲಿ, ಎಂಬಿಆರ್ ಡಿಸ್ಕ್ ಮಾಡಿ ಹಾಕಿದ್ದಾರೆ ಅಂತ ಅರ್ಥ. ಇದು ನಮ್ಮ ಕಡೆ ಬಹಳ ಕಾಣುತ್ತದೆ. ಅದಕ್ಕೂ ಫಾರ್ಮ್ಯಾಟ್ ಬೇಕಿಲ್ಲ. ಎಂಬಿಆರ್ ಟು ಜಿಪಿಟಿ ಅನ್ನುವ ಉಪಕರಣ ವಿಂಡೋಸ್ 10ರಲ್ಲೇ ಇದೆ. ಡೇಟಾ ಮುಟ್ಟದೆ ಡಿಸ್ಕಿನ ಪದ್ಧತಿ ಬದಲಿಸುತ್ತದೆ. ಆಮೇಲೆ ಬಯಾಸ್‌ಗೆ ಹೋಗಿ ಯುಇಎಫ್‌ಐಗೆ ಬದಲಿಸಬೇಕು. ಆದರೆ ಅದಕ್ಕೊಂದು ಹಟ. ಡಿಸ್ಕಿನಲ್ಲಿ ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಜಾಸ್ತಿ ಇರಬಾರದು, ಎಕ್ಸ್‌ಟೆಂಡೆಡ್ ಅನ್ನುವ ಜಾತಿಯದ್ದು ಇರಲೇಬಾರದು. ಅಂಗಡಿಯವರು ಡಿ, ಇ, ಎಫ್ ಅಂತ ಕತ್ತರಿಸಿ ಕೊಟ್ಟ ಡಿಸ್ಕುಗಳಲ್ಲಿ ಅದೇ ಇರುತ್ತದೆ. ಸಿ ಡ್ರೈವನ್ನು ಮತ್ತು ಅದರ ಜೊತೆ ಇರುವ ಸಣ್ಣ ಸಿಸ್ಟಮ್ ಪಾರ್ಟಿಷನ್ನನ್ನು ಮಾತ್ರ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿ ಅಂತ ನಾನು ಹೇಳಿದ್ದು ಇದಕ್ಕೇ. ಹೊಸ ಡಿಸ್ಕಿನಲ್ಲಿ ಆ ತಕರಾರೇ ಇರುವುದಿಲ್ಲ. ಈ ಹೆಜ್ಜೆಯನ್ನು ಮಗನ ಕೈಲಿ ಮಾಡಿಸಿ, ಹಳೇ ಡಿಸ್ಕ್ ಬೀರುವಿನಲ್ಲಿ ಇದೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ.

ಇಷ್ಟಾದ ಮೇಲೆ ಅಪ್‌ಗ್ರೇಡ್ ಅನ್ನುವುದು ಒಂದೆರಡು ಗಂಟೆಯ ಸಪ್ಪೆ ಕೆಲಸ. ಮುಗಿದ ಮೇಲೆ ಮೊದಲು ನೋಡಬೇಕಾದ್ದು ಡಿಫಾಲ್ಟ್ ಪ್ರಿಂಟರ್ ಯಾವುದು ಅಂತ. ಪೇಜ್‌ಮೇಕರ್‌ಗೆ ಪ್ರಿಂಟರ್ ಇಲ್ಲದೆ ಆಗದು. ಹಳೆಯ ಒಂದು ಲಗ್ನಪತ್ರಿಕೆ ತೆರೆದು, ಒತ್ತಕ್ಷರ ಎಲ್ಲ ಸರಿ ಇದೆಯಾ ಅಂತ ಕಾಗದದ ಮೇಲೆ ಪ್ರಿಂಟ್ ತೆಗೆದೇ ನೋಡಿ. ಇಷ್ಟವಾಗಲಿಲ್ಲವೋ, ಹತ್ತು ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿದರೆ ವಿಂಡೋಸ್ 10 ವಾಪಸ್ ಬರುತ್ತದೆ. ಜಾಗ ತಿನ್ನುತ್ತಿದೆ ಅಂತ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರನ್ನು ಅಷ್ಟರೊಳಗೆ ಅಳಿಸಬೇಡಿ, ವಾಪಸ್ ಬರುವ ದಾರಿ ಅದೇ.

ಒಂದೆರಡು ಸಂದರ್ಭದಲ್ಲಿ ನನ್ನ ಉತ್ತರ ತಿರುಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವೇಷನ್ ತೆರೆದು ನೋಡಿ. ಡಿಜಿಟಲ್ ಲೈಸೆನ್ಸ್ ಅಂತಿದ್ದರೆ ಸರಿ. ನಿಮ್ಮ ಸಂಸ್ಥೆಯ ಆ್ಯಕ್ಟಿವೇಷನ್ ಸರ್ವೀಸ್ ಮೂಲಕ ಆಗಿದೆ ಅನ್ನುವ ಅರ್ಥದ ಸಾಲು ಇದ್ದರೆ, ನಿಮ್ಮ ಪ್ರೆಸ್‌ಗೆ ಅಂಥ ಸರ್ವೀಸ್ ಎಲ್ಲಿಂದ ಬಂತು ಹೇಳಿ! 2021ರಲ್ಲಿ ಯಾರೋ ಕಳ್ಳ ಆ್ಯಕ್ಟಿವೇಟರ್ ಓಡಿಸಿದ್ದಾರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ದುಡ್ಡು ಕೊಟ್ಟು ವಿಂಡೋಸ್ ಸಮೇತ ಕೊಂಡ ಬ್ರ್ಯಾಂಡೆಡ್ ಯಂತ್ರದ ಕೀ ಅದರ ಬಯಾಸ್‌ನಲ್ಲೇ ಇರುತ್ತದೆ. ಅಸಲಿ ಸೆಟಪ್ ಅದನ್ನು ತಾನೇ ಓದಿಕೊಂಡು ಸರಿಯಾದ ಎಡಿಷನ್ ಹಾಕುತ್ತದೆ. ಆದರೂ ಅಸಲಿಯನ್ನು ಅಳಿಸಿ ನಕಲಿ ಹಾಕಿ, ಅದಕ್ಕೆ ಕೂಲಿ ಬೇರೆ ತಗೊಳ್ಳುತ್ತಾರೆ. ಹೀಗಾಗಿದ್ದರೆ ಆ ವಿಂಡೋಸನ್ನು ಸಾಗಿಸಬೇಡಿ. ಎಸ್‌ಎಸ್‌ಡಿ ಮೇಲೆ ಹೊಸದಾಗಿಯೇ ಹಾಕಿ. ಹಳೇ ಡಿಸ್ಕ್ ಮುಟ್ಟಬೇಡಿ. ಪೇಜ್‌ಮೇಕರ್ ಸಿಡಿ ಸಿಗುವ ತನಕ ಆ ಕೆಲಸಕ್ಕೆ ಅದೇ ಡಿಸ್ಕ್ ಸಿಕ್ಕಿಸಿಕೊಳ್ಳಿ, ಆ ಹೊತ್ತಿಗೆ ಇಂಟರ್‌ನೆಟ್ ಕೇಬಲ್ ಕಿತ್ತಿಡಿ.

ಸಿಸ್ಟಮ್ ಟೈಪ್ 32 ಬಿಟ್ ಅಂತ ತೋರಿಸಿದರೂ ಹಾಗೇ. ವಿಂಡೋಸ್ 11ರಲ್ಲಿ 32 ಬಿಟ್ ಇಲ್ಲವೇ ಇಲ್ಲ, ಅಲ್ಲಿಂದ ಅಪ್‌ಗ್ರೇಡಿನ ದಾರಿಯೂ ಇಲ್ಲ. ವೈರಸ್ ಹೊಕ್ಕು ಫೈಲುಗಳ ಹೆಸರೆಲ್ಲ ಬದಲಾಗಿದ್ದರೆ, ಅಥವಾ ಯಾರೋ ಬಳಸಿ ಮಾರಿದ ಕಂಪ್ಯೂಟರ್ ತಂದಿದ್ದರೆ ಎರಡು ಯೋಚನೆ ಬೇಡ, ಪೂರ್ತಿ ಅಳಿಸಿ. ಅಲ್ಲೆಲ್ಲ ಫಾರ್ಮ್ಯಾಟೇ ಸರಿ. ನಿಮ್ಮ ಥರದ ಡೆಸ್ಕ್‌ಟಾಪ್ ಅಲ್ಲದೆ ಹೊಸ ಲ್ಯಾಪ್‌ಟಾಪ್ ಇರುವವರಿಗೆ ಒಂದು ಎಚ್ಚರಿಕೆ. ಬಯಾಸ್ ಮುಟ್ಟುವ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ) ಆನ್ ಇದೆಯಾ ನೋಡಿ, ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿಲ್ಲದೆ ನಿಮ್ಮ ಡೇಟಾ ನಿಮಗೇ ಸಿಗದು.

ಅವಸರ ಏನೂ ಇಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ನಿಜ. ಮನೆ ಬಳಕೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟ್ ಪಡೆಯುವ ಒಂದು ಯೋಜನೆಯನ್ನು ಮೈಕ್ರೋಸಾಫ್ಟ್ ಕೊಟ್ಟಿತು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ಅಂತ ಕಾಣುತ್ತದೆ. ಎಸ್‌ಎಸ್‌ಡಿ ಕೆಲಸ ಈಗಲೇ ಮಾಡಿಸಿ, ವಿಂಡೋಸ್ 11 ಕೆಲಸ ಮಾತ್ರ ಮದುವೆ ಸೀಸನ್ನಿನಲ್ಲಿ ಬೇಡ. ಆಷಾಢದಲ್ಲಿ ನಿಮ್ಮ ಪ್ರೆಸ್ ಹೇಗೂ ಖಾಲಿ ಇರುತ್ತದಲ್ಲ, ಆಗ ಒಂದು ದಿನ ಬಿಡುವು ಮಾಡಿಕೊಂಡು ಕೂರಿ. ಅಷ್ಟರಲ್ಲಿ ಆ ಪೇಜ್‌ಮೇಕರ್ ಸಿಡಿಯನ್ನೂ ಹುಡುಕಿ. ಹಳೇ ಬಿಲ್ ಬುಕ್ಕುಗಳ ರಟ್ಟಿನ ಡಬ್ಬದಲ್ಲಿ ನೋಡಿದ್ದೀರಾ?